ಇಕ್ಕಟ್ಟಾದ ವಿಮಾನದ ಸೀಟು ವಯಸ್ಸಾದವರಿಗೆ ಸುರಕ್ಷಿತವೇ?

ಎಪ್ಪತ್ತು ದಾಟಿದ, ಎತ್ತರದ ಆಳಾದ, ಮಂಡಿನೋವಿರುವ ತಮ್ಮ ತಂದೆಯವರನ್ನು ಶಿವಮೊಗ್ಗದ ಸೊಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೂ ಅಲ್ಲಿಂದ ದುಬೈಗೂ ಅಗ್ಗದ ದರದ ವಿಮಾನದಲ್ಲಿ ಕರೆದೊಯ್ಯಬಹುದೇ, ಅಷ್ಟು ಇಕ್ಕಟ್ಟಾದ ಸೀಟು ಅಪಾಯವಲ್ಲವೇ ಎಂದು ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವುದರಿಂದ ಮಂಡಿನೋವಿನವರು ಈ ಪ್ರಶ್ನೆಯನ್ನು ನನ್ನಲ್ಲಿ ಆಗಾಗ ಕೇಳುತ್ತಾರೆ. ಖಂಡಿತ ಕರೆದೊಯ್ಯಬಹುದು, ಆದರೆ ಬೆಂಗಳೂರಿನವರೆಗಿನ ಚಿಕ್ಕ ಪ್ರಯಾಣಕ್ಕೂ ಸುಮಾರು ನಾಲ್ಕು ಗಂಟೆಯ ದುಬೈ ಪ್ರಯಾಣಕ್ಕೂ ಬೇಕಾದ ಸಿದ್ಧತೆ ಬೇರೆ ಬೇರೆ.

ಸೊಗಾನೆಗೆ ಬರುವ ಎಟಿಆರ್ ಎಂಬ ಚಿಕ್ಕ ವಿಮಾನದಲ್ಲಿ ನಡುದಾರಿಯ ಎರಡೂ ಬದಿಗೆ ಎರಡೆರಡೇ ಸೀಟುಗಳಿರುವುದರಿಂದ ಮಧ್ಯದ ಸೀಟಿನ ತೊಂದರೆಯೇ ಇಲ್ಲ. ಹತ್ತುವ ಮೆಟ್ಟಿಲೇ ಕಷ್ಟವಾದೀತು. ಗಾಲಿಕುರ್ಚಿಯ ನೆರವು ಬೇಕೆಂದು ಟಿಕೆಟ್ ಮಾಡಿಸುವಾಗಲೇ ತಿಳಿಸಿಬಿಡಿ.

ಅಗ್ಗದ ವಿಮಾನಗಳಲ್ಲಿ ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ ಸಾಮಾನ್ಯವಾಗಿ 28ರಿಂದ 30 ಇಂಚು ಅಂತರವಿರುತ್ತದೆ, ಮತ್ತು ಈ ಲೆಕ್ಕದಲ್ಲಿ ಸೀಟಿನ ಬೆನ್ನಿನ ದಪ್ಪವೂ ಸೇರಿರುತ್ತದೆ. ತಂದೆಯವರನ್ನು ಗೋಡೆಗೆ ಒರಗಿಸಿದ ಸ್ಟೂಲಿನ ಮೇಲೆ ಬೆನ್ನು ಗೋಡೆಗೆ ತಾಗುವಂತೆ ಕೂರಿಸಿ, ಗೋಡೆಯಿಂದ ಮಂಡಿಯ ತುದಿಯವರೆಗೆ ಟೇಪು ಹಿಡಿದು ನೋಡಿ. ಅಳತೆ 25 ಇಂಚಿನ ಆಸುಪಾಸಿಗೆ ಬಂದರೆ 28 ಇಂಚಿನ ಸಾಲಿನಲ್ಲಿ ಮಂಡಿ ಮುಂದಿನ ಸೀಟಿಗೆ ಒತ್ತುವ ಸಂಭವವೇ ಹೆಚ್ಚು. ಹಾಗಿದ್ದಲ್ಲಿ ಹೆಚ್ಚು ಜಾಗದ ಸೀಟಿಗೆ ಕೊಡುವ ಹಣ ದಂಡವಲ್ಲ.

ಸೀಟು ತೆಳುವಾಗಿದೆ ಎಂದ ಮಾತ್ರಕ್ಕೆ ದುರ್ಬಲವೆಂದು ತಿಳಿಯಬೇಡಿ. ಗುರುತ್ವದ 16 ಪಟ್ಟು ಬಲವನ್ನು ತಾಳುವ ಪರೀಕ್ಷೆಯ ನಿಯಮ ಅಮೆರಿಕದಲ್ಲಿ 1988ರಲ್ಲೇ ಬಂದಿದೆ. ನನ್ನ ಆತಂಕವಿರುವುದು ತುರ್ತು ಸಂದರ್ಭದಲ್ಲಿ ಸೀಟಿನಿಂದ ಎದ್ದು ಹೊರಬರುವ ವಿಷಯದಲ್ಲಿ. ಅರ್ಧದಷ್ಟು ಬಾಗಿಲುಗಳು ಮಾತ್ರ ತೆರೆದಿದ್ದರೂ ಎಲ್ಲರೂ 90 ಸೆಕೆಂಡಿನಲ್ಲಿ ಇಳಿಯಲು ಸಾಧ್ಯವೆಂದು ವಿಮಾನ ತಯಾರಕರು ತೋರಿಸಬೇಕು. ಸಾಲುಗಳ ಅಂತರ ಇದಕ್ಕೆ ಅಡ್ಡಿಯಾಗುತ್ತದೆಯೇ ಎಂದು ಅಮೆರಿಕದ ವಿಮಾನಯಾನ ಆಡಳಿತವು 2019ರ ಕೊನೆಯಿಂದ 2020ರ ಆರಂಭದವರೆಗೆ ಓಕ್ಲಹೋಮಾ ಸಿಟಿಯಲ್ಲಿ 720 ಮಂದಿಯನ್ನು ಸೇರಿಸಿ ಪರೀಕ್ಷಿಸಿತು. 28 ಇಂಚಿನಲ್ಲೂ ವಿಳಂಬವಾಗುವುದಿಲ್ಲವೆಂಬ ನಿರ್ಣಯ ಹೊರಬಂತು. ಆದರೆ ಆ ಗುಂಪಿನಲ್ಲಿ ಅರವತ್ತು ಮೀರಿದವರಾಗಲಿ, ಮಕ್ಕಳಾಗಲಿ, ಅಂಗವೈಕಲ್ಯವಿರುವವರಾಗಲಿ ಇರಲಿಲ್ಲ. ಕೈ ಊರದೆ ಕುರ್ಚಿಯಿಂದ ಏಳಲಾಗದವರನ್ನು ದಿನವೂ ನೋಡುವ ನನಗೆ, ಅಂಥವರನ್ನು ಹೊರಗಿಟ್ಟು ಬಂದ ಫಲಿತಾಂಶವನ್ನು ತಮ್ಮ ತಂದೆಯವರಿಗೂ ಅನ್ವಯಿಸುವುದು ನ್ಯಾಯವೆನಿಸುವುದಿಲ್ಲ.

ಆದ್ದರಿಂದ ಅವರನ್ನು ಕಿಟಕಿಯ ಕಡೆಗೋ ಮಧ್ಯಕ್ಕೋ ಕೂರಿಸದೆ ನಡುದಾರಿಯ ಪಕ್ಕದಲ್ಲಿ ಕೂರಿಸಿ, ತಾವು ಒಳಗಡೆ ಕುಳಿತುಕೊಳ್ಳಿ. ಕಾಲ ಬಳಿ ಚೀಲ ಇಡಬೇಡಿ. ಕಾಲು ಚಾಚಬಹುದೆಂದು ತುರ್ತು ಬಾಗಿಲಿನ ಸಾಲನ್ನು ಕೇಳುವವರಿದ್ದಾರೆ, ಆದರೆ ಬಾಗಿಲು ತೆರೆದು ಇತರರಿಗೆ ನೆರವಾಗಬಲ್ಲವರಿಗೆ ಮಾತ್ರ ಆ ಸಾಲು ಮೀಸಲು, ಮತ್ತು ಆ ನಿಯಮ ಸರಿಯಾಗಿಯೇ ಇದೆ.

ದುಬೈ ಪ್ರಯಾಣದಲ್ಲಿ ಇನ್ನೊಂದು ಎಚ್ಚರ ಬೇಕು. ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತ್ತು. ಬಸ್ಸು, ರೈಲು, ಕಾರಿಗೂ ಈ ಮಾತು ಸಲ್ಲುತ್ತದೆ. ಒಟ್ಟಾರೆ ಅಪಾಯ ಚಿಕ್ಕದೇ, ಆದರೆ ವಯಸ್ಸಾದವರಲ್ಲಿ ಹೆಚ್ಚು. ಮೀನಖಂಡದ ಸ್ನಾಯು ಬಿಗಿದು ಸಡಿಲವಾದಾಗಲೇ ಕೆಳಗಿನ ರಕ್ತ ಮೇಲಕ್ಕೆ ಏರುವುದರಿಂದ, ಕುಳಿತಲ್ಲೇ ಹಿಮ್ಮಡಿಯನ್ನು ನೆಲಕ್ಕೂರಿ ಬೆರಳುಗಳನ್ನು ಎತ್ತುವುದು, ಬಳಿಕ ಬೆರಳೂರಿ ಹಿಮ್ಮಡಿ ಎತ್ತುವುದು, ಇವನ್ನು ಆಗಾಗ ಮಾಡಿಸಿ. ಸೀಟುಬೆಲ್ಟಿನ ದೀಪ ಆರಿರುವಾಗ ಒಂದೆರಡು ಬಾರಿ ನಡೆಸಿ. ಶೌಚಾಲಯಕ್ಕೆ ಏಳಬೇಕಾದೀತೆಂದು ನೀರು ಕುಡಿಯದೆ ಕೂರುವ ಹಿರಿಯರು ಬಹಳ, ಅದಕ್ಕೆ ಒಪ್ಪಬೇಡಿ. ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ ಅಥವಾ ಇತ್ತೀಚೆಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿದ್ದರೆ ಟಿಕೆಟ್ ಮಾಡಿಸುವ ಮೊದಲೇ ವೈದ್ಯರನ್ನು ಕಾಣಿ. ಪ್ರಯಾಣವಾದ ಮುಂದಿನ ಕೆಲವು ವಾರಗಳಲ್ಲಿ ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ ಅಂದೇ ವೈದ್ಯರಲ್ಲಿ ತೋರಿಸಿ. ಎದೆನೋವೋ ಉಸಿರಾಟದ ತೊಂದರೆಯೋ ಕಾಣಿಸಿಕೊಂಡರೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೇ ಕರೆದೊಯ್ಯಿರಿ.