ಒಬ್ಬರೇ ದುಡಿಯುವವರಿಗೆ ಲಿಮಿಟೆಡ್ ಕಂಪನಿ ಬೇಕೇ?

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ನೌಕರಿ ಬಿಟ್ಟು ತೋಟದ ಮನೆಗೆ ಮರಳಿ ಎರಡು ವರ್ಷವಾಯಿತು. ಈಗ ಅಲ್ಲಿನದೇ ಒಂದು ಸಂಸ್ಥೆಗೆ ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಡುತ್ತಿದ್ದು, ವರ್ಷಕ್ಕೆ ಸುಮಾರು 16 ಲಕ್ಷ ರೂಪಾಯಿ ಬರುತ್ತದೆ, ಬೇರೆ ಆದಾಯವಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡರೆ ತೆರಿಗೆ ಉಳಿಯುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಮನೆ ತಂದೆಯವರ ಹೆಸರಿನಲ್ಲಿದೆ. ಹೇಗೆ ಮುಂದುವರಿಯಲಿ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ತೆರಿಗೆಯೊಂದೇ ಕಾರಣವಾಗಿದ್ದರೆ ಸದ್ಯಕ್ಕೆ ಕಂಪನಿ ಬೇಡ. ಮಾಹಿತಿ ತಂತ್ರಜ್ಞಾನದ ವೃತ್ತಿಯಲ್ಲಿರುವವರು ತಮ್ಮ ಸ್ವಂತ ಹೆಸರಿನಲ್ಲೇ ದುಡಿಯುತ್ತಿದ್ದರೆ, ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ಘೋಷಿಸುವ ಅಂದಾಜು ಪದ್ಧತಿಯನ್ನು ಬಳಸಿಕೊಳ್ಳಬಹುದು. ಇದರ ಮಿತಿ 50 ಲಕ್ಷ ರೂಪಾಯಿ, ನಗದು ರೂಪದ ಗಳಿಕೆ ಶೇಕಡಾ 5ನ್ನು ಮೀರದಿದ್ದರೆ 75 ಲಕ್ಷ. ನಿಮ್ಮ 16 ಲಕ್ಷದಲ್ಲಿ 8 ಲಕ್ಷ ಆದಾಯವಾಗುತ್ತದೆ. 2025-26ರ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ನೀವು ಕಟ್ಟಬೇಕಾದ ತೆರಿಗೆ ಸೊನ್ನೆ. ಕಂಪನಿಗೆ ಈ ಎರಡೂ ಅನುಕೂಲಗಳಿಲ್ಲ. ಜಿಎಸ್‌ಟಿಯ 20 ಲಕ್ಷದ ಮಿತಿಯಂತೂ ಇಬ್ಬರಿಗೂ ಒಂದೇ.

ಕೆಲಸ ಕೊಡುವ ಸಂಸ್ಥೆ ಕಂಪನಿಯೊಡನೆ ಮಾತ್ರ ಒಪ್ಪಂದ ಮಾಡಿಕೊಳ್ಳುವುದಾಗಿ ಹೇಳಿದರೆ, ಅಥವಾ ವ್ಯವಹಾರದ ಸಾಲ ನಿಮ್ಮ ಸ್ವಂತ ಆಸ್ತಿಗೆ ತಗಲಬಾರದೆಂಬ ಆಲೋಚನೆಯಿದ್ದರೆ ಮಾತು ಬೇರೆ. (ಸಾಲಕ್ಕೆ ಬ್ಯಾಂಕು ನಿಮ್ಮ ವೈಯಕ್ತಿಕ ಜಾಮೀನು ಕೇಳಿ, ನೀವೂ ಸಹಿ ಹಾಕಿದರೆ ಆ ರಕ್ಷಣೆ ಅಲ್ಲಿಗೇ ಮುಗಿಯಿತು.) ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ಷೇರುದಾರರೂ ಇಬ್ಬರು ನಿರ್ದೇಶಕರೂ ಬೇಕು. 2013ರ ಕಂಪನಿ ಕಾಯ್ದೆಯಲ್ಲಿ ಬಂದ ಏಕವ್ಯಕ್ತಿ ಕಂಪನಿಗೆ ನೀವೊಬ್ಬರೇ ಸಾಕು. ನಿಮ್ಮ ನಂತರ ಷೇರು ಯಾರಿಗೆ ಹೋಗಬೇಕೆಂದು ಒಬ್ಬ ನಾಮಿನಿಯನ್ನು ಅವರ ಲಿಖಿತ ಒಪ್ಪಿಗೆಯೊಂದಿಗೆ ಸೂಚಿಸಬೇಕಷ್ಟೆ. ನೋಂದಾಯಿತ ಕಚೇರಿ ಮನೆಯಲ್ಲೇ ಇರಬಹುದು: ತಂದೆಯವರ ಆಕ್ಷೇಪಣೆಯಿಲ್ಲವೆಂಬ ಪತ್ರ, ಜೊತೆಗೆ ಎರಡು ತಿಂಗಳಿಗಿಂತ ಹಳೆಯದಲ್ಲದ ಮೆಸ್ಕಾಂ ಬಿಲ್ಲು ಕೊಡಬೇಕಾಗುತ್ತದೆ. ಷೇರು ಬಂಡವಾಳವನ್ನು ಕಂಪನಿಯ ಖಾತೆಗೆ ಕಟ್ಟಿ, ನೋಂದಣಿಯಾದ 180 ದಿನಗಳೊಳಗೆ ವ್ಯವಹಾರ ಆರಂಭದ ಘೋಷಣೆ ಸಲ್ಲಿಸುವುದನ್ನು ಮರೆಯಬೇಡಿ.

ಹೊಸಬರು ಎಡವುವುದು ನೋಂದಣಿಯಲ್ಲಲ್ಲ, ಆಮೇಲೆ. ಕಂಪನಿಯ ಖಾತೆಯಲ್ಲಿರುವ ಹಣ ನಿಮ್ಮದಲ್ಲ, ಕಂಪನಿಯದು. ಆ ಖಾತೆಯ ಕಾರ್ಡಿನಿಂದ ಮೂಡಿಗೆರೆಯಲ್ಲಿ ಮನೆಗೆ ದಿನಸಿ ಕೊಂಡರೂ, ತಂದೆಯವರು ಕಾಫಿ ಮಾರಿದ ಹಣವನ್ನು ಅದೇ ಖಾತೆಗೆ ಹಾಕಿಸಿಕೊಂಡರೂ ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರಿಗೆ ವಿವರಣೆ ಕೊಡಬೇಕಾಗುತ್ತದೆ. ಸಂಬಳವೆಂದೋ ಲಾಭಾಂಶವೆಂದೋ ದಾಖಲಿಸಿಯೇ ಹಣ ತೆಗೆಯಬೇಕು. ವಹಿವಾಟು ಒಂದು ರೂಪಾಯಿಯಿದ್ದರೂ ಪ್ರತಿವರ್ಷ ಲೆಕ್ಕಪರಿಶೋಧನೆ ಕಡ್ಡಾಯ. ವಾರ್ಷಿಕ ಲೆಕ್ಕಪತ್ರ ಮತ್ತು ವಾರ್ಷಿಕ ವಿವರ ಸಲ್ಲಿಸುವುದು ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಕೆಲಸ ನಿಂತುಹೋಯಿತೆಂದು ಸುಮ್ಮನಾದರೂ ಶುಲ್ಕ ನಿಲ್ಲುವುದಿಲ್ಲ. ಆದ್ದರಿಂದ ನೋಂದಣಿಯ ಖರ್ಚನ್ನಷ್ಟೇ ಕೇಳಿಕೊಂಡು ಬರಬೇಡಿ, ಪ್ರತಿವರ್ಷದ ಖರ್ಚೆಷ್ಟು ಎಂಬುದನ್ನೂ ಚಾರ್ಟರ್ಡ್ ಅಕೌಂಟೆಂಟರಿಂದ ಬರೆಸಿಕೊಳ್ಳಿ.

ಇಷ್ಟಾಗಿಯೂ ಕಂಪನಿ ಮಾಡುವುದಾದರೆ, ಅದರ ಹೆಸರು ಹಾಗೂ ನೋಂದಾಯಿತ ಕಚೇರಿಯ ವಿಳಾಸವಿರುವ ಫಲಕವನ್ನು ಹೊರಗೆ ಕಾಣುವಂತೆ ತೂಗುಹಾಕಬೇಕು. ಇಂಗ್ಲಿಷ್ ಫಲಕವೊಂದೇ ಸಾಲದು; ಸ್ಥಳೀಯರ ಲಿಪಿಯಲ್ಲೂ ಇರಬೇಕೆಂದು ಕಾಯ್ದೆಯೇ ಹೇಳುವುದರಿಂದ, ತೋಟದ ಗೇಟಿನ ಫಲಕವನ್ನು ಕನ್ನಡದಲ್ಲೂ ಬರೆಸಿ.