ಪ್ರತಿಕ್ರಿಯೆ: ಚಪ್ಪಾಳೆ ಬಂತು, ದನಿ ಸೇರಲಿಲ್ಲ

ನಿಮ್ಮ ಹಾಡಿನ ಶ್ರುತಿ ಜಾಸ್ತಿ ಮೇಲಿದೆ, ಜನ ದನಿ ಸೇರಿಸದಿರೋಕೆ ಅದೇ ಕಾರಣ ಅನ್ಸುತ್ತೆ. ಕೊಪ್ಪಳದ ನಿಮ್ಮ ಲೈಂಗಿಕ ಅಲ್ಪಸಂಖ್ಯಾತರ ಸಮುದಾಯದ ಸಭೆಯಲ್ಲಿ ಹಳೇ ಹಾಡನ್ನು ನಿಮ್ಮದೇ ರೀತಿಯಲ್ಲಿ (ಕವರ್) ಹಾಡಿದಾಗ ಚಪ್ಪಾಳೆ ಬಂತು, ಆದರೆ ಯಾರೂ ಜೊತೆಗೆ ಹಾಡಲಿಲ್ಲ ಅಂದಿರಲ್ಲ, ನಮಗೂ ಹಾಗೇ ಆಗಿತ್ತು.

ಮೊದಲು ಹಾರ್ಮೋನಿಯಂನಲ್ಲಿ ಎರಡು ಮನೆ ಕೆಳಗಿಳಿಸಿ. ಆಲಾಪ ಬಿಡಿ. ಆಮೇಲೆ "ನಾವು" ಅನ್ನೋ ಅರ್ಥ ಬರುವ ಒಂದೇ ಸಾಲನ್ನು ಮತ್ತೆ ಮತ್ತೆ ತನ್ನಿ. 'ಗೋ ವೆಸ್ಟ್' ಅನ್ನೋ ಇಂಗ್ಲಿಷ್ ಹಾಡು ನೋಡಿ. 1979ರಲ್ಲಿ ಅಮೆರಿಕದ ಡಿಸ್ಕೋ ತಂಡ ವಿಲೇಜ್ ಪೀಪಲ್ ಹಾಡಿದ್ದು ಕುಣಿಯೋ ಹಾಡು. 1993ರಲ್ಲಿ ಬ್ರಿಟನ್ನಿನ ಜೋಡಿ ಪೆಟ್ ಶಾಪ್ ಬಾಯ್ಸ್ ಅದನ್ನೇ ಗಂಡಸರ ದೊಡ್ಡ ಮೇಳ ಇಟ್ಟು ಹಾಡಿದರು. ನಡುವೆ ಏಡ್ಸ್ ಎಷ್ಟೋ ಸಲಿಂಗಿ ಗೆಳೆಯರನ್ನು ಕರೆದುಕೊಂಡು ಹೋಗಿತ್ತು. ಹಾಡಲ್ಲಿ ಬರೋ "ಜೊತೆಯಾಗಿ" (ಟುಗೆದರ್) ಅನ್ನೋ ಅದೇ ಪದ ಈಗ ಗಂಟಲು ಕಟ್ಟಿಸುತ್ತೆ.

ಮೇಳಕ್ಕೆ ನೀವು ದೂರ ಹೋಗಬೇಕಿಲ್ಲ. ನಿಮ್ಮ ಜಿಲ್ಲೆಯ ಹುಲಿಗಿಯಲ್ಲಿ ಜೋಗಪ್ಪಂದಿರು, ಅಂದರೆ ದೇವಿಗೆ ಮುಡಿಪಾಗಿ ಹೆಣ್ಣಿನ ಉಡುಗೆಯಲ್ಲಿ ಬಾಳುವವರು, ಹಾಡೋದು ಕೇಳಿದ್ದೀರಲ್ವಾ? ಚೌಡಿಕೆ ಅನ್ನೋ ತಂತಿವಾದ್ಯ ಮೀಟುತ್ತಾ ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಹಾಗೇ ಮಾಡಿ. ನಾಲ್ಕು ಜನಕ್ಕೆ ಮೊದಲೇ ಕಲಿಸಿ, ವೇದಿಕೆ ಮೇಲಲ್ಲ, ಜನರ ನಡುವೆ ಕೂರಿಸಿ. ಕೊನೇ ಸಲ ಮೈಕ್ ಕೆಳಗಿಟ್ಟು ಸುಮ್ನಾಗಿ.

ಒಂದೇ ಸಭೆಗೆ ಹಿಡಿಯುತ್ತೆ ಅಂತ ಖಾತ್ರಿ ಇಲ್ಲ, ಎರಡು ಮೂರು ಸಲ ಬೇಕಾಗಬಹುದು. ವಿಡಿಯೋ ಮಾಡೋದಾದರೆ ಮುಖ ಬರಬಹುದಾ ಅಂತ ಪ್ರತಿಯೊಬ್ಬರನ್ನೂ ಮೊದಲೇ ಕೇಳಿ. ಮನೇಲಿ ಹೇಳದೇ ಬಂದವರು ಕ್ಯಾಮೆರಾ ಕಂಡರೆ ಬಾಯೇ ಬಿಡಲ್ಲ.