ತೋಕ್ ಪೂವಿನ ವಿಷ ಕೋಶದೊಳಗೆ ಏನು ಮಾಡುತ್ತದೆ?

ಪ್ರಶ್ನೆ: ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ನಮ್ಮಲ್ಲಿ ಕೋವಿಗೆ ತೋಕ್ ಪೂ, ಅಂದರೆ ಅಗ್ನಿಶಿಖೆ ಹೂ, ಸಿಕ್ಕಿಸುತ್ತೇವೆ. ಆ ಗಿಡದ ವಿಷ ಜೀವಕೋಶದ ಅಸ್ಥಿಪಂಜರವನ್ನೇ ಕೆಡಿಸುತ್ತದೆ ಅಂತ ಪಿಯುಸಿ ಓದುವ ಮಗಳು ಹೇಳುತ್ತಾಳೆ. ಕಣ್ಣಿಗೇ ಕಾಣದ ಕೋಶಕ್ಕೂ ಅಸ್ಥಿಪಂಜರ ಇರುತ್ತದಾ?
ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಇರುತ್ತದೆ, ಮಗಳು ಹೇಳಿದ್ದು ಸರಿ. ಆದರೆ ಅದು ಪ್ರೋಟೀನಿನ ಎಳೆಗಳಿಂದ ಆದದ್ದು. ತೀರಾ ಸಣ್ಣ ಎಳೆ ಆಕ್ಟಿನ್, ಸುಮಾರು 7 ನ್ಯಾನೊಮೀಟರ್ ದಪ್ಪ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಸ್ನಾಯು ಬಿಗಿಯುವುದಕ್ಕೂ ಬಿಳಿ ರಕ್ತಕಣ ತೆವಳುವುದಕ್ಕೂ ಇದು ಬೇಕು. 10 ನ್ಯಾನೊಮೀಟರಿನ ಮಧ್ಯಮ ಎಳೆಗಳು ಕೋಶಕ್ಕೆ ಗಟ್ಟಿತನ ಕೊಡುತ್ತವೆ, ಕೂದಲು ಉಗುರಿನ ಕೆರಾಟಿನ್ ಇದೇ ಜಾತಿ. ಇನ್ನೊಂದು ಮೈಕ್ರೋಟ್ಯೂಬ್ಯೂಲ್. ತೋಕ್ ಪೂವಿನ ವಿಷ ಕೈ ಹಾಕುವುದು ಇದಕ್ಕೇ.

ಇದು 25 ನ್ಯಾನೊಮೀಟರ್ ಅಗಲದ ಟೊಳ್ಳು ಕೊಳವೆ. ಟ್ಯೂಬ್ಯುಲಿನ್ ಎಂಬ ಪ್ರೋಟೀನು ಜೋಡಿ ಜೋಡಿಯಾಗಿ ಸಾಲುಗಟ್ಟುತ್ತದೆ, ಸಾಮಾನ್ಯವಾಗಿ ಅಂಥ 13 ಸಾಲು ಸೇರಿದರೆ ಒಂದು ಕೊಳವೆ. ಕಟ್ಟಿದ್ದು ಹಾಗೇ ನಿಲ್ಲುವುದೂ ಇಲ್ಲ. ತುದಿಯಲ್ಲಿ ಬೆಳೆಯುತ್ತಾ ಹೋಗಿ, ಇದ್ದಕ್ಕಿದ್ದಂತೆ ಕಳಚಿಕೊಂಡು ಕುಗ್ಗಿ, ಮತ್ತೆ ಬೆಳೆಯುತ್ತದೆ. ಇದರ ಮೇಲೆ ಕೈನೆಸಿನ್ ಎಂಬ ಇನ್ನೊಂದು ಪ್ರೋಟೀನು ಸರಕು ಹೊತ್ತು, 8 ನ್ಯಾನೊಮೀಟರಿನ ಒಂದೊಂದೇ ಹೆಜ್ಜೆ ಇಟ್ಟು ನಿಜಕ್ಕೂ ನಡೆಯುತ್ತದೆ! ಬೆನ್ನುಹುರಿಯಿಂದ ಪಾದದವರೆಗೆ ಹೋಗುವ, ಹತ್ತಿರ ಹತ್ತಿರ ಒಂದು ಮೀಟರ್ ಉದ್ದದ ನರತಂತುವಿನ ತುದಿಗೂ ಸಾಮಾನು ಹೀಗೇ ಮುಟ್ಟಬೇಕು. ಎಷ್ಟು ಸಲ ಓದಿದರೂ ನನಗೆ ಇದು ಬೆರಗೇ.

ತೋಕ್ ಪೂ ಗಿಡದಲ್ಲಿರುವುದು ಕಾಲ್ಚಿಸಿನ್, ಗೆಡ್ಡೆ ಮತ್ತು ಬೀಜದಲ್ಲಿ ಜಾಸ್ತಿ. ಅದು ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ಕೊಳವೆ ಬೆಳೆಯದಂತೆ ತಡೆಯುತ್ತದೆ. ಒಂದು ಕೋಶ ಎರಡಾಗುವಾಗ ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮುಗಳನ್ನು ಆಚೆ ಈಚೆ ಎಳೆಯುವುದು ಈ ಕೊಳವೆಗಳೇ ಅಲ್ವಾ, ಅವು ಕಟ್ಟದಿದ್ದರೆ ಕೆಲಸ ಅರ್ಧಕ್ಕೇ ನಿಂತುಬಿಡುತ್ತದೆ. ಹಾಗಾಗಿ ಬೇಗ ಬೇಗ ಹೊಸ ಕೋಶ ಹುಟ್ಟುವ ಕರುಳಿನ ಒಳಪದರ, ಮೂಳೆಮಜ್ಜೆ, ಕೂದಲಿನ ಬುಡಕ್ಕೆ ಪೆಟ್ಟು ಜೋರು. ಗೆಡ್ಡೆ ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗುತ್ತದೆ, ಬದುಕಿ ಉಳಿದವರಿಗೂ ಆಮೇಲೆ ಕೂದಲು ಉದುರುತ್ತದೆ.

ಇದೇ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿಗೆ ಮದ್ದೂ ಹೌದು. ಕೀಲಿಗೆ ನುಗ್ಗುವ ಬಿಳಿ ರಕ್ತಕಣಗಳ ಓಡಾಟ ಅದರಿಂದ ತಗ್ಗುತ್ತದೆ. ಹಾಗಂತ ಗೆಡ್ಡೆ ಅರೆದು ಮನೆಮದ್ದು ಮಾಡಬೇಡಿ, ಮದ್ದಿನ ಅಳತೆಗೂ ವಿಷದ ಅಳತೆಗೂ ಅಂತರ ತೀರಾ ಕಡಿಮೆ. ಕೋವಿಗೆ ಹೂ ಸಿಕ್ಕಿಸಲು ಅಡ್ಡಿಯಿಲ್ಲ. ಆಮೇಲೆ ಕೈ ತೊಳೆದುಕೊಳ್ಳಿ, ಗೆಡ್ಡೆ ಮಾತ್ರ ಮಕ್ಕಳ ಕೈಗೂ ದನದ ಬಾಯಿಗೂ ಸಿಗದಂತೆ ನೋಡಿಕೊಳ್ಳಿ.